ಹಳೇ ಡೆನಾಲಿಯ ಆಟೋರೈಡ್ ತೆಗೆದು ಮಾಮೂಲಿ ಶಾಕ್ ಹಾಕಿ ಎರಡಿಂಚು ಇಳಿಸಿದ್ದು: ಕಿಟ್ ರಿವ್ಯೂ

ಗಾಡಿ 2004ರ ಜಿಎಂಸಿ ಯುಕಾನ್ ಡೆನಾಲಿ, ಆಟೋರೈಡ್ ಅನ್ನೋ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಕಂಪನಿಯಿಂದಲೇ ಬಂದಿರೋದು. ನಿಮ್ಮ ಗಾಡೀಲೂ ಇದೇ ಇದೆಯಾ ಅಂತ ಡೌಟ್ ಇದ್ರೆ ಗ್ಲೋವ್ ಬಾಕ್ಸ್ ತೆಗೆದು ಒಳಗಿನ ಸ್ಟಿಕ್ಕರ್ ನೋಡಿ, ಝಡ್55 ಅನ್ನೋ ಕೋಡ್ ಇದ್ರೆ ಇದೇ. ಇಲ್ಲಿ ಬರೀತಿರೋದು ಅದನ್ನ ತೆಗೆದು ಅದರ ಜಾಗಕ್ಕೆ ಹಾಕೋ ಪ್ಯಾಸಿವ್ ಕನ್ವರ್ಷನ್ ಕಿಟ್ (ಎಲೆಕ್ಟ್ರಾನಿಕ್ಸ್ ಇಲ್ಲದ ಮಾಮೂಲಿ ಶಾಕ್‌ಗಳ ಸೆಟ್) ಬಗ್ಗೆ, ಜೊತೆಗೆ ಅದೇ ಕೆಲಸದಲ್ಲಿ ಗಾಡೀನ ಎರಡಿಂಚು, ಅಂದ್ರೆ ಸುಮಾರು 50 ಮಿಮೀ ಕೆಳಗಿಳಿಸಿದ್ರ ಬಗ್ಗೆ. ಕಿಟ್ ಒಳ್ಳೇದು, ದುಡ್ಡಿಗೆ ಮೋಸ ಇಲ್ಲ. ಆದ್ರೆ ಈ ಥರದ ಕಿಟ್‌ಗಳನ್ನ ಗಾಡಿ ಒರಿಜಿನಲ್ ಎತ್ತರದಲ್ಲೇ ಇರತ್ತೆ ಅನ್ನೋ ಲೆಕ್ಕದಲ್ಲಿ ಮಾಡಿರ್ತಾರೆ, ಹಾಗಾಗಿ ಗಾಡಿ ಇಳಿಸೋರು ಡಬ್ಬಿ ಮೇಲಿನ ಮಾಡೆಲ್ ವರ್ಷ ನೋಡಿ ತಗೊಂಡ್ರೆ ಸಾಲಲ್ಲ, ಶಾಕ್ ಉದ್ದ ಅಳೆದು ತಗೋಬೇಕು. ಈ ರಿವ್ಯೂ ಬರೆಯೋಕೆ ಮುಖ್ಯ ಕಾರಣಾನೇ ಇದು.

ಆಟೋರೈಡ್ ಅಂದ್ರೆ ಏನು ಅಂತ ಚಿಕ್ಕದಾಗಿ. ನಾಲ್ಕೂ ಶಾಕ್ ಒಳಗೆ ಒಂದೊಂದು ಸೊಲೆನಾಯ್ಡ್ (ಕರೆಂಟಿಂದ ಆಡೋ ವಾಲ್ವ್) ಇರತ್ತೆ, ಚಕ್ರ ಎಷ್ಟು ಮೇಲೆ ಕೆಳಗೆ ಆಡ್ತಿದೆ ಅಂತ ಸೆನ್ಸರ್‌ಗಳು ಮಾಡ್ಯೂಲ್‌ಗೆ (ಇದನ್ನೆಲ್ಲ ಕಂಟ್ರೋಲ್ ಮಾಡೋ ಕಂಪ್ಯೂಟರ್) ಹೇಳ್ತಿರ್ತವೆ, ಅದು ನೋಡ್ಕೊಂಡು ಶಾಕ್‌ನ ಗಟ್ಟಿ ಮೆತ್ತಗೆ ಮಾಡ್ತಿರತ್ತೆ. ಹಿಂದಿನ ಎರಡು ಶಾಕ್‌ಗೆ ಗಾಳಿ ಚೀಲಾನೂ ಇದೆ, ಲೋಡ್ ಹಾಕಿದ್ರೆ ಕಂಪ್ರೆಸರ್ ಗಾಳಿ ತುಂಬಿ ಹಿಂಭಾಗ ಮಟ್ಟಕ್ಕೆ ತರತ್ತೆ. ವಯಸ್ಸಾದ ಮೇಲೆ ಮೊದಲು ಹೋಗೋದು ಈ ಚೀಲದ ರಬ್ಬರ್ರೇ. ಸಣ್ಣಗೆ ಲೀಕ್ ಶುರುವಾಗತ್ತೆ, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಿಂದೆ ಕೂತಿರತ್ತೆ, ಅದನ್ನ ಎತ್ತೋಕೆ ಕಂಪ್ರೆಸರ್ ಪದೇ ಪದೇ ಓಡಿ ಓಡಿ ಕೊನೆಗೆ ಅದೂ ಸುಟ್ಟುಹೋಗತ್ತೆ. ಬರೀ ಕಂಪ್ರೆಸರ್ ಬದಲಾಯಿಸಿ ಲೀಕ್ ಹಾಗೇ ಬಿಟ್ರೆ ಹೊಸದಕ್ಕೂ ಅದೇ ಗತಿ.

ಈಗ ಇಳಿಸೋ ವಿಷಯ. ಆಟೋರೈಡ್ ಹಾಗೇ ಇಟ್ಕೊಂಡು ಹಿಂದೆ ಬರೀ ಡ್ರಾಪ್ ಸ್ಪ್ರಿಂಗ್ (ಗಾಡಿ ಇಳಿಸೋ ಗಿಡ್ಡ ಸ್ಪ್ರಿಂಗ್) ಹಾಕಿದ್ರೆ ಆಗಲ್ವಾ ಅಂತ ಕೇಳೋರು ತುಂಬಾ ಜನ. ಆಗಲ್ಲ, ಯಾಕಂದ್ರೆ ಸೆನ್ಸರ್‌ಗೆ ಗಾಡಿ ಇಳಿಸಿದ್ದಾರೋ ಲೋಡ್ ಹಾಕಿದ್ದಾರೋ ಗೊತ್ತಾಗಲ್ಲ, ಹಿಂಭಾಗ ತಗ್ಗಿದೆ ಅಂತ ಗೊತ್ತಾಗಿದ್ದೇ ತಡ ಕಂಪ್ರೆಸರ್‌ನ ಓಡಿಸಿ ಮತ್ತೆ ಹಳೇ ಎತ್ತರಕ್ಕೆ ಎತ್ತೋಕೆ ನೋಡತ್ತೆ. ಆದ್ರೆ ಸೆನ್ಸರ್ ತೋಳಿಗೆ ಸೇರೋ ಲಿಂಕ್‌ನ ಅಷ್ಟೇ ಅಳತೆಗೆ ಸರಿಹೊಂದಿಸಿದ್ರೆ ಹೊಸ ಎತ್ತರಾನೇ ಸರಿಯಾದ ಎತ್ತರ ಅಂತ ಅದು ಒಪ್ಕೊಳ್ಳತ್ತೆ. ಗಾಳಿ ಶಾಕ್‌ಗಳು ಚೆನ್ನಾಗಿರೋರಿಗೆ ಇದೊಂದು ದಾರಿ ಇದೆ. ನನ್ನವು ಲೀಕ್ ಆಗ್ತಿದ್ವು, ಹಾಗಾಗಿ ಪೂರ್ತಿ ತೆಗೆಯೋದೇ ಸರಿ ಅನ್ನಿಸ್ತು.

ಕಿಟ್‌ನಲ್ಲಿ ಸಿಗೋದು ಮುಂದಿನ ಎರಡು ಶಾಕ್, ಹಿಂದಿನ ಎರಡು ಶಾಕ್, ಹಳೇ ಶಾಕ್‌ನ ವೈರಿಂಗ್‌ಗೆ ಹಾಕೋ ನಾಲ್ಕು ಬೈಪಾಸ್ ಪ್ಲಗ್. ಸ್ಪ್ರಿಂಗ್ ಸಮೇತಾನೂ ಬರತ್ತೆ, ನಾನು ಸ್ಪ್ರಿಂಗ್ ಇಲ್ಲದ್ದು ತಗೊಂಡು ಹಿಂದಿನ ಶಾಕ್ ಮಾತ್ರ ಇಳಿಸಿದ ಗಾಡಿಗೆ ಅಂತ ಮಾಡಿರೋ ಕಡಿಮೆ ಉದ್ದದ್ದು ಆರಿಸ್ಕೊಂಡೆ. ಹಿಂದಿನ ಡ್ರಾಪ್ ಸ್ಪ್ರಿಂಗೂ ಮುಂಭಾಗ ಇಳಿಸೋ ಟಾರ್ಷನ್ ಕೀನೂ (ಡ್ರಾಪ್ ಕೀ) ಬೇರೆ ಕಡೆಯಿಂದ. ಎತ್ತರ ಕಮ್ಮಿ ಮಾಡದೆ ಬರೀ ರಿಪೇರಿಗೆ ಹಾಕೋರು ಮಾತ್ರ ದಯವಿಟ್ಟು ಸ್ಪ್ರಿಂಗ್ ಇರೋ ಕಿಟ್ಟೇ ತಗೊಳ್ಳಿ. ಲೋಡ್ ಇದ್ದಾಗ ಒಂದು ಪಾಲು ಭಾರಾನ ಗಾಳಿ ಹೊರ್ತಿತ್ತು, ಅದನ್ನ ತೆಗೆದು ದಣಿದ ಹಳೇ ಸ್ಪ್ರಿಂಗ್ ಮೇಲೇ ಎಲ್ಲಾ ಬಿಟ್ರೆ ಹಿಂದಿನ ಸೀಟು ತುಂಬಿದ ತಕ್ಷಣ ಗಾಡಿ ಕೂತ್ಕೊಳ್ಳತ್ತೆ. ಇದೇ ತಲೆಮಾರಿನ ಟಾಹೋ ಸಬರ್ಬನ್‌ಗಳಲ್ಲಿ ಝಡ್‌ಡಬ್ಲ್ಯೂ7 ಕೋಡ್ ಇರೋವಕ್ಕೆ ನಿವೋಮ್ಯಾಟ್ ಅಂತ ಬೇರೆ ಶಾಕ್ ಬರತ್ತೆ, ಅದಕ್ಕೆ ವೈರೂ ಇಲ್ಲ ಕಂಪ್ರೆಸರೂ ಇಲ್ಲ, ಆದ್ರೆ ಅದೂ ಭಾರ ಹೊರೋದೇ, ಅಲ್ಲೂ ಸ್ಪ್ರಿಂಗ್ ಜೊತೇಲೇ ಬದಲಾಯಿಸ್ಬೇಕು. ಫೋರ್ಡ್ ಕಡೆಯ 2003ರಿಂದ 2006ರ ನ್ಯಾವಿಗೇಟರ್ ಕಥೇನೇ ಬೇರೆ, ಅಲ್ಲಿ ನಾಲ್ಕೂ ಮೂಲೇಲಿ ಸ್ಪ್ರಿಂಗ್ ಕೆಲಸಾನ ಗಾಳೀನೇ ಮಾಡೋದು.

ಶಾಕ್ ಉದ್ದ ಯಾಕೆ ಅಷ್ಟು ಮುಖ್ಯ ಅಂದ್ರೆ, ಗಾಡಿ ಎರಡಿಂಚು ಇಳಿದಾಗ ಶಾಕ್ ಕೂಡ ಹೆಚ್ಚುಕಮ್ಮಿ ಅಷ್ಟೇ ಒಳಗೆ ಹೋಗಿ ನಿಂತಿರತ್ತೆ, ದೊಡ್ಡ ಗುಂಡಿ ಬಿದ್ರೆ ಬಂಪ್ ಸ್ಟಾಪ್ ರಬ್ಬರ್ (ಆಕ್ಸಲ್ ತೀರಾ ಮೇಲೆ ಬರದ ಹಾಗೆ ತಡೆಯೋದು) ಮುಟ್ಟೋಕೆ ಮುಂಚೆ ಶಾಕ್ ಒಳಗಿನ ಪಿಸ್ಟನ್ ತಳಕ್ಕೆ ಹೊಡೆಯತ್ತೆ, ಸೀಲ್ ಒಡೆಯತ್ತೆ, ಶಾಕ್ ಕಟ್ಟಿರೋ ಬ್ರಾಕೆಟ್ಟೂ ಕಿತ್ಕೊಂಡು ಬರಬಹುದು. ಚೆಕ್ ಮಾಡೋದು ಸುಲಭ. ಸ್ಪ್ರಿಂಗ್ ಹಾಕೋ ಮುಂಚೆ ಫ್ರೇಮ್‌ನ ಸ್ಟ್ಯಾಂಡ್ ಮೇಲೆ ಕೂರಿಸಿ ಆಕ್ಸಲ್‌ನ ಜಾಕ್‌ನಿಂದ ನಿಧಾನಕ್ಕೆ ಎತ್ತಿ ಬಂಪ್ ಸ್ಟಾಪ್‌ಗೆ ತಾಗಿಸಿ, ಆಗ ಶಾಕ್‌ನ ಮೇಲಿನ ಬೋಲ್ಟಿಂದ ಕೆಳಗಿನ ಬೋಲ್ಟಿಗೆ ಟೇಪ್ ಹಿಡಿದು ಅಳೀರಿ. ಪೂರ್ತಿ ಒತ್ತಿದಾಗಿನ ಶಾಕ್ ಉದ್ದ ಆ ಅಳತೆಗಿಂತ ಕಮ್ಮಿ ಇರ್ಲೇಬೇಕು, ರಬ್ಬರ್ ಇನ್ನೂ ಒತ್ತಿಕೊಳ್ಳೋದಕ್ಕೆ ಒಂದಿಷ್ಟು ಜಾಗಾನೂ ಉಳಿದಿರಬೇಕು. ನಾನು ತಗೊಂಡ ಶಾಕ್ ಇದರಲ್ಲಿ ಆರಾಮಾಗಿ ಪಾಸಾಯ್ತು.

ಮುಂದಿನ ಕೆಲಸ ಮನೇಲಿ ಮಾಡೋರು ಹುಷಾರು. ಇದರಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉದ್ದ ಸರಳು) ಇರೋದು, ಅದರೊಳಗೆ ತಿರುಚಿಟ್ಟ ಶಕ್ತಿ ಭಯಂಕರ, ಅದಕ್ಕೇ ಅಂತ ಮಾಡಿರೋ ಟೂಲ್ ಇಲ್ಲದೆ ಮಾಮೂಲಿ ಪುಲ್ಲರ್ ಹಾಕಿ ಬಿಚ್ಚೋಕೆ ಹೋಗ್ಬೇಡಿ, ಪ್ರಾಣಕ್ಕೇ ಅಪಾಯ. ಅಡ್ಜಸ್ಟರ್ ಬೋಲ್ಟ್ ಎಷ್ಟು ಒಳಗಿತ್ತು ಅಂತ ಬಿಚ್ಚೋ ಮುಂಚೆ ಎರಡೂ ಕಡೆ ಅಳೆದು ಬರೆದಿಟ್ಕೊಳ್ಳಿ. ಸ್ವಲ್ಪ ಇಳಿಸೋದಾದ್ರೆ ಬೋಲ್ಟ್ ಸಡಿಲ ಮಾಡಿದ್ರೆ ಸಾಕು, ಇನ್ನೂ ಬೇಕಂದ್ರೆ ಡ್ರಾಪ್ ಕೀ ಬೇಕು. ಆದ್ರೆ ಲೋವರ್ ಆರ್ಮ್‌ನ ಬಂಪ್ ಸ್ಟಾಪ್‌ಗೆ ಒರಿಜಿನಲ್ ಎತ್ತರದಲ್ಲೇ ಗ್ಯಾಪ್ ಕಮ್ಮಿ, ಇಳಿಸಿದ್ಮೇಲೆ ಅದೂ ಇರಲ್ಲ, ಗಿಡ್ಡ ಬಂಪ್ ಸ್ಟಾಪ್ ಹಾಕ್ಲೇಬೇಕು, ಇಲ್ಲಾಂದ್ರೆ ಸಣ್ಣ ಹಳ್ಳಕ್ಕೂ ದಡ್ ಅಂತ ಹೊಡೆಯತ್ತೆ. ಡ್ರಾಪ್ ಕೀ ಸೆಟ್‌ನಲ್ಲಿ ಈ ರಬ್ಬರ್ ಕೊಟ್ಟಿರಲಿಲ್ಲ, ಕೊಡ್ಬೇಕಿತ್ತು.

ಬೈಪಾಸ್ ಪ್ಲಗ್ ಬಗ್ಗೆ ನನ್ನ ದೊಡ್ಡ ದೂರು. ಅದರೊಳಗಿರೋದು ರೆಸಿಸ್ಟರ್, ಸೊಲೆನಾಯ್ಡ್ ಇನ್ನೂ ಅಲ್ಲೇ ಇದೆ ಅಂತ ಮಾಡ್ಯೂಲ್‌ಗೆ ತೋರಿಸೋದು ಅದರ ಕೆಲಸ, ಇಲ್ಲಾಂದ್ರೆ ಡ್ಯಾಶ್ ಮೇಲೆ ಸರ್ವಿಸ್ ರೈಡ್ ಕಂಟ್ರೋಲ್ ಅಂತ ಮೆಸೇಜ್ ಬಂದು ಕೂರತ್ತೆ. ಕೆಲಸ ಸರಿಯಾಗೇ ಮಾಡ್ತಿದೆ, ಮೆಸೇಜ್ ಬಂದಿಲ್ಲ. ಆದ್ರೆ ಕರೆಂಟ್ ಹರಿದಾಗ ರೆಸಿಸ್ಟರ್ ಬಿಸಿಯಾಗತ್ತೆ, ಅದನ್ನ ಎಲ್ಲಿ ಕಟ್ಟಬೇಕು ಅಂತ ಕಿಟ್ ಪೇಪರ್‌ನಲ್ಲಿ ಒಂದು ಮಾತೂ ಇಲ್ಲ. ಫ್ರೇಮ್‌ನ ಬರೀ ಲೋಹಕ್ಕೆ ತಾಗೋ ಹಾಗೆ, ವೈರು ಪ್ಲಾಸ್ಟಿಕ್ಕು ಬ್ರೇಕ್ ಹೋಸಿಂದ ದೂರ ಕಟ್ಟಿ. ಕನೆಕ್ಟರ್‌ನ ರಬ್ಬರ್ ಸೀಲೂ ತೆಳ್ಳಗಿದೆ, ನಾನು ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ ಕೂರಿಸಿದೀನಿ. ಇನ್ನೊಂದು, ಗಾಳಿ ಶಾಕ್ ತೆಗೆದ್ರೂ ಹಿಂದಿನ ಸೆನ್ಸರ್ ಅಲ್ಲೇ ಇರತ್ತೆ, ಅದರ ಲಿಂಕ್ ಸರಿ ಮಾಡದೇ ಬಿಟ್ರೆ ಮಾಡ್ಯೂಲು, ಈಗ ಇಲ್ಲದೇ ಇರೋ ಗಾಳಿ ಶಾಕ್‌ಗೆ ಗಾಳಿ ತುಂಬೋಕೆ ಕಂಪ್ರೆಸರ್‌ನ ಕರೀತಾನೇ ಇರತ್ತೆ. ಕಿಟ್ ಜೊತೆ ಒಂದು ಚಿಕ್ಕ ಲಿಂಕ್ ಇಟ್ಟುಕೊಟ್ಟಿದ್ರೆ ಅವರ ಗಂಟೇನು ಹೋಗ್ತಿರಲಿಲ್ಲ.

ಓಡಿಸೋಕೆ ಹೇಗಿದೆ? ತಿರುವಲ್ಲಿ ವಾಲೋದು ಕಮ್ಮಿಯಾಗಿದೆ, ಹತ್ತಿ ಇಳಿಯೋಕೆ ಸುಲಭ, ನಿಂತಾಗ ನೋಡೋಕಂತೂ ತುಂಬಾ ಚೆಂದ, ಈ ಗಾಡಿ ಮೊದಲಿಂದ ಹೀಗೇ ಇರಬೇಕಿತ್ತು ಅನ್ಸತ್ತೆ. ಆದ್ರೆ ಸರಿಯಾಗಿ ಕೆಲಸ ಮಾಡೋ ಆಟೋರೈಡ್ ಮುಂದೆ ಇದು ಒಂದು ಮೆಟ್ಟಿಲು ಕೆಳಗೇ. ಹೈವೇಲಿ ಉದ್ದುದ್ದ ಏರಿಳಿತ ಬಂದಾಗ ಆಟೋರೈಡ್ ಗಾಡೀನ ಹಿಡಿದಿಟ್ಟುಕೊಳ್ತಿದ್ದ ರೀತಿ ಇದಕ್ಕೆ ಬರಲ್ಲ, ಸಣ್ಣ ಸಣ್ಣ ಬಿರುಕು ಪ್ಯಾಚ್ ಮೇಲೆ ಹೋದ್ರೂ ಕೈಗೆ ಗೊತ್ತಾಗತ್ತೆ. ಹಿಂದೆ ಟ್ರೇಲರ್ ಎಳೆಯೋರು, ಮೂರೂ ಸಾಲು ಜನ ತುಂಬಿ ಓಡಾಡೋರು ಈ ಕಡೆ ಬರಲೇಬೇಡಿ, ತಾನಾಗೇ ಮಟ್ಟ ಮಾಡ್ಕೊಳ್ಳೋದು ಹೋದ್ಮೇಲೆ ಹಿಂಭಾಗ ಕೂತು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯತ್ತೆ. ಅಂಥವರು ಬೇರೆ ಕಂಪನಿಗಳು ಮಾಡೋ ಎಲೆಕ್ಟ್ರಾನಿಕ್ ಶಾಕ್‌ಗಳನ್ನೇ ಹುಡುಕಿ ಹಾಕ್ಸಿ, ಖರ್ಚು ಜಾಸ್ತಿ ಆದ್ರೂ ಅದೇ ಸರಿ.

ಕೆಲಸ ಮುಗಿದ ಮೇಲೆ ಸ್ವಲ್ಪ ದಿನ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡ್ಸಿ, ಇಳಿಸಿದಾಗ ಕ್ಯಾಂಬರ್ರೂ (ಚಕ್ರ ವಾಲಿರೋದು) ಟೋನೂ (ಚಕ್ರ ಒಳಗೋ ಹೊರಗೋ ತಿರುಗಿರೋದು) ಎರಡೂ ಬದಲಾಗಿರತ್ತೆ, ಹಾಗೇ ಬಿಟ್ರೆ ಟೈರ್‌ನ ಒಳಗಿನ ಅಂಚು ಬೇಗ ಸವೆಯತ್ತೆ. ಹಿಂದೆ ಟ್ರ್ಯಾಕ್ ಬಾರ್ (ಆಕ್ಸಲ್‌ನ ಅಡ್ಡಕ್ಕೆ ಫ್ರೇಮ್‌ಗೆ ಹಿಡಿದಿಡೋ ಸರಳು) ಇರೋದ್ರಿಂದ ಆಕ್ಸಲ್ ಒಂದು ಪಕ್ಕಕ್ಕೆ ಸರಿಯತ್ತೆ, ಎರಡಿಂಚಿಗೆ ಅದು ಸ್ವಲ್ಪಾನೇ, ಇನ್ನೂ ಇಳಿಸೋರು ಅಡ್ಜಸ್ಟ್ ಆಗೋ ಟ್ರ್ಯಾಕ್ ಬಾರ್ ಹಾಕಿ. ಹಿಂದಿನ ಆರ್ಮ್‌ಗಳ ಬೋಲ್ಟ್ ಬಿಚ್ಚಿದ್ರೆ ಚಕ್ರದ ಮೇಲೆ ಪೂರ್ತಿ ಭಾರ ಬಿಟ್ಟು ಆಮೇಲೇ ಬಿಗಿ ಮಾಡಿ, ಗಾಡಿ ಗಾಳೀಲಿ ನೇತಾಡ್ತಿರೋವಾಗ ಬಿಗಿ ಮಾಡಿದ್ರೆ ಬುಷ್ ರಬ್ಬರ್ ಯಾವಾಗ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗತ್ತೆ.