ಮೊದಲ ಸಲ ಕೇಳುವವರಿಗೆ ಶೂಬರ್ಟ್‌ನ ‘ಟ್ರೌಟ್’ ಕ್ವಿಂಟೆಟ್

ಪಿಯಾನೊ ಮತ್ತು ತಂತಿವಾದ್ಯಗಳ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಎಲ್ಲಿಂದ ಆರಂಭಿಸಬೇಕೆಂದು ವಿಚಾರಿಸುವ ಬೆಳಗಾವಿಯ ಗೆಳೆಯರಿಗೆ, ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ 1819ರಲ್ಲಿ ಐದು ವಾದ್ಯಗಳಿಗಾಗಿ (ಅದೇ ‘ಕ್ವಿಂಟೆಟ್’) ರಚಿಸಿದ ಈ ಐದು ಭಾಗಗಳ ಕೃತಿಯನ್ನೇ ಸೂಚಿಸುತ್ತೇನೆ. ಇಂಥ ಕೃತಿಗಳಲ್ಲಿ ಸಾಮಾನ್ಯವಾಗಿರುವ ಎರಡನೆಯ ವಯೊಲಿನ್ನಿನ ಬದಲು ಇಲ್ಲಿ ಡಬಲ್ ಬಾಸ್ ಎಂಬ, ತೀರ ಕೆಳಸ್ವರದ ದೊಡ್ಡ ತಂತಿವಾದ್ಯ ಇರುವುದರಿಂದ, ಕೆಳಸ್ವರಗಳ ಹೊರೆ ತಗ್ಗಿದ ಪಿಯಾನೊ ಮೇಲಿನ ಸಪ್ತಕಗಳಲ್ಲಿ ಹಗುರಾಗಿ ಓಡಾಡುತ್ತದೆ. ನಾಲ್ಕನೆಯ ಭಾಗವನ್ನು ಗಮನವಿಟ್ಟು ಕೇಳಬೇಕು: ಶೂಬರ್ಟ್ ‘ಟ್ರೌಟ್’ (ಒಂದು ಬಗೆಯ ಮೀನು) ಎಂಬ ತನ್ನದೇ ಹಾಡಿನ ಧಾಟಿಯನ್ನು ಮೊದಲು ತಂತಿವಾದ್ಯಗಳಿಗಷ್ಟೇ ಒಪ್ಪಿಸಿ, ಪಿಯಾನೊವನ್ನು ಸುಮ್ಮನೆ ಕೂರಿಸಿ, ಬಳಿಕ ಆ ಧಾಟಿಯನ್ನು ಬಗೆಬಗೆಯಾಗಿ ಬೆಳೆಸುತ್ತಾನೆ. ಹಿಂದೂಸ್ತಾನಿ ಗಾಯನದಲ್ಲಿ ಒಂದೇ ಬಂದಿಶ್ (ರಾಗದ ಚಿಕ್ಕ ರಚನೆ) ಅರಳುವುದನ್ನು ಕೇಳುತ್ತ ಬಂದ, ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸೀಮೆಯವರಾದ ನಮಗೆ ಇದು ಅಪರಿಚಿತವೆನಿಸದು; ಆದರೆ ಇಲ್ಲಿ ಸ್ವರಗಳೆಲ್ಲ ಮೊದಲೇ ಬರೆದಿಟ್ಟವು. ಕೊನೆಯ ಭಾಗ ನನಗೆ ತುಸು ಉದ್ದವಾಯಿತು. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಡಬಲ್ ಬಾಸ್ ಇದ್ದದ್ದೇ ತಿಳಿಯುವುದಿಲ್ಲ.