ಮೂರು ಕ್ಯಾಪಿಲರಿಯ ಡಿಜಿಟಲ್ ಮೆಲ್ಟಿಂಗ್ ಪಾಯಿಂಟ್ ಯಂತ್ರ: ಕೊಳ್ಳಬಹುದು, ಕಣ್ಣುಮುಚ್ಚಿ ನಂಬಬಾರದು

ಪುಡಿ ಎಷ್ಟು ಡಿಗ್ರಿಗೆ ಕರಗುತ್ತದೆ (ಕರಗುವ ಬಿಂದು) ಎಂದು ನೋಡಲು ಎಣ್ಣೆ ತುಂಬಿ ಬರ್ನರಿನಲ್ಲಿ ಕಾಯಿಸುವ ಗಾಜಿನ ಥೀಲೆ ಟ್ಯೂಬ್ ಬಿಟ್ಟು ಡಿಜಿಟಲ್ ಯಂತ್ರಕ್ಕೆ ಹೋಗಬೇಕೆಂದಿರುವ ಮೈಸೂರು, ಮಂಡ್ಯದ ಕಾಲೇಜು ಲ್ಯಾಬುಗಳಿಗಾಗಿ ಈ ವಿಮರ್ಶೆ. ಬಿಸಿಯಾಗುವ ಲೋಹದ ಗಟ್ಟಿ, ಅದರಲ್ಲಿ ಕ್ಯಾಪಿಲರಿ (ಪುಡಿ ತುಂಬುವ, ತಳ ಮುಚ್ಚಿದ ಸಪೂರ ಗಾಜಿನ ನಳಿಕೆ) ಇಡಲು ಮೂರು ತೂತು, ಮುಂದೆ ಭೂತಗನ್ನಡಿ, ಒಳಗೊಂದು ದೀಪ, ಬಿಸಿ ಏರಿಸಲು ತಿರುಗಣೆ. ಯಂತ್ರವೆಂದರೆ ಇಷ್ಟೇ. ಬರ್ನರ್ ಬೇಡ, 200 ಡಿಗ್ರಿ ದಾಟಿದರೆ ಹೊಗೆಯೇಳುವ ಲಿಕ್ವಿಡ್ ಪ್ಯಾರಾಫಿನ್ನಿನ ಕಾಟವೂ ಇಲ್ಲ.

ತೊಂದರೆ ಇರುವುದು ಪರದೆಯಲ್ಲಿ. 121.7 ಎಂದು ದಶಾಂಶ ಸಮೇತ ಕಂಡೊಡನೆ ಹುಡುಗರು ಅದನ್ನೇ ರೆಕಾರ್ಡಿಗೆ ಇಳಿಸುತ್ತಾರೆ. ಆದರೆ ಸೆನ್ಸರ್ ಅಳೆಯುವುದು ಲೋಹದ ಬಿಸಿಯನ್ನು, ಕ್ಯಾಪಿಲರಿಯೊಳಗಿನ ಪುಡಿಯ ಬಿಸಿಯನ್ನಲ್ಲ. ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿದರೆ ಲೋಹ ಮುಂದೆ ಓಡಿ, ಪುಡಿ ಹಿಂದುಳಿದು, 122ಕ್ಕೆ ಕರಗಬೇಕಾದ ಬೆಂಜೋಯಿಕ್ ಆಮ್ಲ ಇನ್ನೂ ಮೇಲೆ ಕರಗಿದಂತೆ ತೋರುತ್ತದೆ. ಕರಗುವ ಬಿಂದುವಿಗೆ 15 ಡಿಗ್ರಿ ಬಾಕಿ ಇರುವವರೆಗೆ ಬೇಗ ಏರಿಸಿ, ಅಲ್ಲಿಂದಾಚೆ ನಿಮಿಷಕ್ಕೆ 1–2 ಡಿಗ್ರಿ ಸಾಕು. ಬರೀ ತಿರುಗಣೆಯ ಮಾದರಿಯಲ್ಲಿ ಇದನ್ನು ಹಿಡಿತದಲ್ಲಿಡುವುದು ಕಷ್ಟ. ವೋಲ್ಟೇಜ್ ಕುಸಿದರೆ ಬಿಸಿಯ ವೇಗವೂ ಕುಸಿಯುತ್ತದೆ. ವೇಗವನ್ನು ಮೊದಲೇ ನಿಗದಿ ಮಾಡಬಹುದಾದ ಮಾದರಿಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ತಂದ ಮೇಲೆ ಮೊದಲು ತಾಳೆ ನೋಡಿ. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು 100 ಬಂತೇ ಎಂದು ನೋಡುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ: ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 97.5ರ ಆಸುಪಾಸಿನಲ್ಲೇ ಕುದಿಯುತ್ತದೆ. ಕರಗುವ ಬಿಂದುವಿಗೆ ಎತ್ತರದ ಹಂಗಿಲ್ಲ. ಹಾಗಾಗಿ ಶುದ್ಧ ನ್ಯಾಫ್ತಲೀನ್ (80), ಅಸಿಟನಿಲೈಡ್ (114), ಬೆಂಜೋಯಿಕ್ ಆಮ್ಲ (122), ಸ್ಯಾಲಿಸಿಲಿಕ್ ಆಮ್ಲ (159) ಕರಗಿಸಿ, ಪರದೆಯ ಅಂಕಿಗೂ ನಿಜವಾದ ಬಿಂದುವಿಗೂ ಇರುವ ವ್ಯತ್ಯಾಸದ ಗ್ರಾಫ್ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ನ್ಯಾಫ್ತಲೀನ್ ಆವಿಯಾಗಿ ಮೇಲೇರುತ್ತದೆ, ಅದರ ಕ್ಯಾಪಿಲರಿಯ ಬಾಯನ್ನೂ ಉರಿಯಲ್ಲಿ ಮುಚ್ಚಬೇಕು.

ಮೂರು ತೂತುಗಳ ನಿಜವಾದ ಲಾಭ ಮಿಶ್ರಣದ ಪರೀಕ್ಷೆಯಲ್ಲಿ, ಅಂದರೆ ಒಂದೇ ಬಿಂದುವಿನ ಎರಡು ಪುಡಿಗಳು ಒಂದೇ ವಸ್ತುವೋ ಬೇರೆಯೋ ಎಂದು ಬೆರೆಸಿ ನೋಡುವುದರಲ್ಲಿ. ಯೂರಿಯಾ, ಸಿನ್ನಮಿಕ್ ಆಮ್ಲ ಎರಡೂ 133ರ ಹತ್ತಿರ ಕರಗುವಂಥವು. ಅಕ್ಕಪಕ್ಕದ ತೂತುಗಳಲ್ಲಿ ಅವನ್ನಿಟ್ಟು, ನಡುವಿನದರಲ್ಲಿ ಎರಡನ್ನೂ ಸಮಸಮ ಅರೆದ ಪುಡಿ ಇಡಿ. ಅಕ್ಕಪಕ್ಕದವು ಅಲ್ಲಾಡದೆ ನಿಂತಿರುವಾಗಲೇ ನಡುವಿನದು ಕುಸಿದು ನೀರಾಗುತ್ತದೆ. ಈ ಪಾಠಕ್ಕೆ ಥೀಲೆ ಟ್ಯೂಬ್ ಇದರ ಸಮಕ್ಕೆ ಬಾರದು.

ಪುಡಿ ನುಣ್ಣಗಿರಲಿ, ಎತ್ತರ 2–3 ಮಿಲಿಮೀಟರ್ ಮೀರದಿರಲಿ. ಉದ್ದನೆಯ ಗಾಜಿನ ಕೊಳವೆಯೊಳಗಿಂದ ಕ್ಯಾಪಿಲರಿಯನ್ನು ಬೀಳಿಸಿದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಡೆಸಿಕೇಟರಿನಿಂದ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಪುಡಿ ತೆಗೆದ ಕೂಡಲೇ ತುಂಬಿ. ತೇವ ಹಿಡಿದ ಪುಡಿ ಮೊದಲೇ ಬೆವರಿ, ಹಲವು ಡಿಗ್ರಿ ಎಳೆದಾಡಿ ಕರಗುತ್ತದೆ, ಬೈಗುಳ ಮಾತ್ರ ಯಂತ್ರಕ್ಕೆ.

ಅಗ್ಗದ ಕ್ಯಾಪಿಲರಿಗಳ ದಪ್ಪ ಒಂದೇ ಸಮ ಇರುವುದಿಲ್ಲ. ಒತ್ತಿ ತೂರಿಸಿದರೆ ತೂತಿನಲ್ಲೇ ಮುರಿಯುತ್ತದೆ. ಆಗ ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಸಣ್ಣ ತಂತಿಯಿಂದ ಚೂರು ತೆಗೆಯಬೇಕು. ಫ್ಯಾನ್ ಇಲ್ಲದ ಮಾದರಿ ತಣ್ಣಗಾಗುವ ಹೊತ್ತಿಗೆ ಬ್ಯಾಚಿನ ತಾಳ್ಮೆ ಮುಗಿದಿರುತ್ತದೆ. ಕಡಿಮೆ ಬಿಂದುವಿನ ವಸ್ತುವಿನಿಂದ ಶುರುಮಾಡಿ ಮೇಲೇರುತ್ತ ಹೋಗುವಂತೆ ಹಂಚಿದರೆ ಒಂದು ಯಂತ್ರದಲ್ಲಿ ಹೇಗೋ ಸುಧಾರಿಸಬಹುದು. ದೊಡ್ಡ ಬ್ಯಾಚಿಗೆ ಎರಡಾದರೂ ಬೇಕು, ಹಳೇ ಥೀಲೆ ಟ್ಯೂಬುಗಳನ್ನೂ ಎಸೆಯಬೇಡಿ.