ಇಮ್ಯಾಟಿನಿಬ್ 400 ಮಿ.ಗ್ರಾಂ. ಮಾತ್ರೆ: ಬೆಲೆ, ಗುಣ ಮತ್ತು ದಿನನಿತ್ಯದ ಬಳಕೆ

ವೈದ್ಯರು ಸಿಎಂಎಲ್ ಎಂದು ಕರೆಯುವ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್‌ಗಾಗಿ ನನ್ನ ಅಕ್ಕ ಹಲವು ವರ್ಷಗಳಿಂದ ಇಮ್ಯಾಟಿನಿಬ್ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ತರುವುದು, ತಪಾಸಣೆಗೆ ಕರೆದೊಯ್ಯುವುದು, ವರದಿಗಳನ್ನು ಜೋಡಿಸಿಡುವುದು ನನ್ನ ಪಾಲಿನ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಅಸಾಧಾರಣವಾದ ಔಷಧ, ನಮ್ಮ ದೇಶದಲ್ಲಿ ತಯಾರಾಗುವ ಜೆನೆರಿಕ್ ಮಾತ್ರೆಯನ್ನು ಹಿಂಜರಿಯದೆ ಬಳಸಬಹುದು. ಆದರೆ ದಿನ ತಪ್ಪಿಸದೆ ನುಂಗುವ ಶಿಸ್ತು ಮತ್ತು ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಎಂದು ಅಳೆಯುವ ಪಿಸಿಆರ್ ಪರೀಕ್ಷೆ ಕಾಲಕಾಲಕ್ಕೆ ಇಲ್ಲದಿದ್ದರೆ ಇದರ ಅರ್ಧ ಗುಣವೂ ರೋಗಿಗೆ ದಕ್ಕುವುದಿಲ್ಲ.

ಈ ಕಾಯಿಲೆಯಲ್ಲಿ ಅಸ್ಥಿಮಜ್ಜೆಯ ಜೀವಕೋಶವೊಂದರ 9 ಮತ್ತು 22ನೇ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಾಗೆ ಗಿಡ್ಡವಾದ 22ನೇ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗುರುತಿಸಿದ್ದರಿಂದ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಈ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕೈನೇಸ್ (ಜೀವಕೋಶದೊಳಗೆ ಸಂದೇಶ ಸಾಗಿಸುವ ಬಗೆಯ) ಕಿಣ್ವವು ಬಿಡುವಿಲ್ಲದೆ ಚುರುಕಾಗಿದ್ದು, ಬಿಳಿ ರಕ್ತಕಣಗಳನ್ನು ಮಿತಿಮೀರಿ ಹೆಚ್ಚಿಸುತ್ತದೆ. ಕೈನೇಸ್ ಕೆಲಸ ಮಾಡಬೇಕಾದರೆ ಅದರೊಳಗಿನ ಒಂದು ಪೊಟರೆಯಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಬಂದು ಕೂರಬೇಕು. ಇಮ್ಯಾಟಿನಿಬ್ ಆ ಜಾಗವನ್ನು ತಾನೇ ಹಿಡಿದು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. 1998ರಲ್ಲಿ ಮನುಷ್ಯರ ಮೇಲಿನ ಪ್ರಯೋಗ ಆರಂಭವಾಗಿ, 2001ರ ಮೇ ತಿಂಗಳಿನಲ್ಲಿಯೇ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅಲ್ಲಿಯವರೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಅಥವಾ ಅಸ್ಥಿಮಜ್ಜೆಯ ಕಸಿಯನ್ನೇ ನಂಬಬೇಕಾಗಿದ್ದ ಕಾಯಿಲೆಯಲ್ಲಿ, ಐರಿಸ್ ಎಂಬ ದೊಡ್ಡ ಪ್ರಯೋಗದಲ್ಲಿ ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರ ಪೈಕಿ ಸುಮಾರು 83 ಶೇಕಡಾ ಮಂದಿ 10 ವರ್ಷಗಳ ನಂತರವೂ ಬದುಕಿದ್ದರು ಎಂಬುದನ್ನು ಓದಿದಾಗ ನಮ್ಮ ಮನೆಯವರಿಗೆಲ್ಲ ಉಸಿರು ಬಂದಂತಾಗಿತ್ತು.

ಬಳಕೆಯ ವಿಷಯಕ್ಕೆ ಬಂದರೆ, ಕಾಯಿಲೆಯ ಆರಂಭದ ಹಂತದಲ್ಲಿರುವ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೊಂದು 400 ಮಿ.ಗ್ರಾಂ. ಮಾತ್ರೆ. ಇದನ್ನು ಊಟದ ಜೊತೆಗೆ, ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಹೆಚ್ಚು. ಮಾತ್ರೆ ದೊಡ್ಡದು, ನುಂಗಲಾಗದವರು ಅದನ್ನು ಒಂದು ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬಹುದು. ಬೆಳಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡದಲ್ಲಿ ಸೆಳೆತ, ಕೆಲವೊಮ್ಮೆ ಭೇದಿ, ಇವು ಸಾಮಾನ್ಯ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಚರ್ಮ ತಿಳಿಯಾಗುವುದೂ ಉಂಟು, ಇದನ್ನು ಮೊದಲೇ ತಿಳಿಸಿದರೆ ರೋಗಿಗಳು ಸುಮ್ಮನೆ ಗಾಬರಿಪಡುವುದು ತಪ್ಪುತ್ತದೆ. ರಕ್ತಕಣಗಳ ಸಂಖ್ಯೆ ತೀರಾ ಇಳಿಯುವ ಸಾಧ್ಯತೆ ಇರುವುದರಿಂದ ಆರಂಭದ ತಿಂಗಳುಗಳಲ್ಲಿ ರಕ್ತಪರೀಕ್ಷೆ ಪದೇ ಪದೇ ಆಗಬೇಕು. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಗ್ರೇಪ್‌ಫ್ರೂಟ್ ರಸ ಇದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಆದ್ದರಿಂದ ಅದೇ ಜಾತಿಗೆ ಹತ್ತಿರವಾದ ಚಕೋತವನ್ನೂ ನಾವು ಮನೆಗೆ ತರುವುದಿಲ್ಲ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧವಾಗಿ ಇಮ್ಯಾಟಿನಿಬ್‌ನ ಪ್ರಮಾಣವನ್ನು ಬಹಳವಾಗಿ ತಗ್ಗಿಸುತ್ತದೆ. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆಯ ಹೆಸರನ್ನು ಮೊದಲು ಹೇಳಬೇಕು.

ಮಾತ್ರೆ ತಪ್ಪಿಸುವುದರ ಪರಿಣಾಮವನ್ನು ಬಹಳ ಮಂದಿ ಹಗುರವಾಗಿ ಕಾಣುತ್ತಾರೆ. 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ದಾಖಲಿಸುವ ಸಾಧನವಿಟ್ಟು ರೋಗಿಗಳನ್ನು ಗಮನಿಸಲಾಯಿತು. ಶೇಕಡಾ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ 6 ವರ್ಷಗಳಲ್ಲಿ ಒಳ್ಳೆಯ ಫಲ ಕಾಣುವ ಸಂಭವ ಶೇಕಡಾ 94ಕ್ಕೂ ಹೆಚ್ಚಿದ್ದರೆ, ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಅದು ಸುಮಾರು ಶೇಕಡಾ 28ಕ್ಕೆ ಇಳಿದಿತ್ತು. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೇ ಶೇಕಡಾ 90ಕ್ಕೆ ಬಂದು ನಿಂತಂತೆ. ಹಬ್ಬ, ಮದುವೆ, ಪ್ರಯಾಣದ ನೆಪದಲ್ಲಿ ಆ ಮೂರು ಎಷ್ಟು ಸುಲಭವಾಗಿ ತಪ್ಪುತ್ತವೆ ಎಂಬುದು ರೋಗಿಯಿರುವ ಪ್ರತಿ ಮನೆಗೂ ಗೊತ್ತು.

ಬೆಲೆಯ ಕಥೆ ನಮ್ಮ ದೇಶದ್ದೇ. ಇಮ್ಯಾಟಿನಿಬ್‌ನ ಮೂಲ ಬ್ರ್ಯಾಂಡ್ ಆದ ನೊವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ತಗಲುತ್ತಿದ್ದಾಗ, ಇಲ್ಲಿನ ಜೆನೆರಿಕ್ ಮಾತ್ರೆಗಳು 8,000ದಿಂದ 10,000 ರೂಪಾಯಿಗೆ ಸಿಗುತ್ತಿದ್ದವು. ಮಾತ್ರೆಯಲ್ಲಿರುವ ಲವಣವಾದ ಇಮ್ಯಾಟಿನಿಬ್ ಮೆಸಿಲೇಟ್‌ನ ಬೀಟಾ ಎಂಬ ಹರಳಿನ ರೂಪಕ್ಕೆ ಪೇಟೆಂಟ್ ಬೇಕೆಂದು ಆ ಕಂಪನಿ ನಡೆಸಿದ ಹೋರಾಟ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡಿತು. ಹಳೆಯ ವಸ್ತುವಿನ ಹೊಸ ರೂಪವು ಚಿಕಿತ್ಸೆಯ ಗುಣದಲ್ಲಿ ಹೆಚ್ಚಿನದಾಗಿರಬೇಕು ಎನ್ನುವ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಆಧಾರದಲ್ಲಿ ನ್ಯಾಯಾಲಯವು ಬೇಡಿಕೆಯನ್ನು ತಳ್ಳಿಹಾಕಿತು. ಆ ತೀರ್ಪಿನ ಋಣ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳ ಮೇಲಿದೆ. ಕೊಳ್ಳುವವರಿಗೆ ಒಂದು ಸೂಚನೆ: ಸ್ಟ್ರಿಪ್ ಮೇಲೆ ಮುದ್ರಿತವಾದ ಬೆಲೆಗೂ ಅಂಗಡಿಯವರು ಕೊಡುವ ಬೆಲೆಗೂ ಬಹಳ ಅಂತರವಿರುತ್ತದೆ, ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ. ಒಮ್ಮೆ ಒಂದು ಅಂಗಡಿಯಲ್ಲಿ ಕೇಳದೆಯೇ ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದರು. ಕಂಪನಿ ಬದಲಾಗುವುದೇ ಅಪಾಯವಲ್ಲ, ಆದರೆ ವೈದ್ಯರಿಗೆ ತಿಳಿಯದಂತೆ ಬದಲಾಗಬಾರದು.

ನನ್ನ ಮುಖ್ಯ ಅಸಮಾಧಾನವಿರುವುದು ಪರೀಕ್ಷೆಯ ಬಗ್ಗೆ. ಬಿಸಿಆರ್-ಎಬಿಎಲ್ ಪ್ರಮಾಣವು ಅಂತರರಾಷ್ಟ್ರೀಯ ಮಾಪನದಲ್ಲಿ, ಚಿಕಿತ್ಸೆ ಆರಂಭಿಸಿದ 3 ತಿಂಗಳಿಗೆ ಶೇಕಡಾ 10ಕ್ಕೆ, 12 ತಿಂಗಳಿಗೆ ಶೇಕಡಾ 0.1ಕ್ಕೆ ಇಳಿಯಬೇಕು. ಇದನ್ನು ಅಳೆಯುವ ಪಿಸಿಆರ್‌ಗೆ ಪ್ರತಿ ಬಾರಿ ಸಾವಿರಗಟ್ಟಲೆ ಖರ್ಚಾಗುತ್ತದೆ, ಸಣ್ಣ ಊರಿನವರು ಅದಕ್ಕಾಗಿ ಬೆಂಗಳೂರಿನಂಥ ನಗರವನ್ನೇ ನೆಚ್ಚಬೇಕು. ಮಾತ್ರೆ ಅಗ್ಗವಾದಷ್ಟು ಪರೀಕ್ಷೆ ಅಗ್ಗವಾಗಲಿಲ್ಲ. ಆದರೂ ಅದನ್ನು ಬಿಟ್ಟರೆ, ಬಿಸಿಆರ್-ಎಬಿಎಲ್‌ನಲ್ಲಾಗುವ ಟಿ315ಐ ನಂಥ ರೂಪಾಂತರದಿಂದ ಔಷಧ ನಾಟದೆ ಹೋಗುತ್ತಿರುವುದು ತಡವಾಗಿ ಗೊತ್ತಾಗುತ್ತದೆ. ಆ ರೂಪಾಂತರಕ್ಕೆ ಇದೇ ಗುಂಪಿನ ನಂತರದ ಔಷಧಗಳಾದ ಡಾಸಾಟಿನಿಬ್, ನಿಲೋಟಿನಿಬ್ ಸಹ ನಾಟುವುದಿಲ್ಲ. ಪೊನಾಟಿನಿಬ್‌ನಂಥ ಬೇರೆ ಔಷಧವೇ ಬೇಕು.

ರುಮಟಾಯ್ಡ್ ಸಂಧಿವಾತವಿರುವ ಪರಿಚಯದವರು, ತಾವು ನುಂಗುವ ಟೋಫಾಸಿಟಿನಿಬ್ ಕೂಡ ಇಂಥದ್ದೇ ಅಲ್ಲವೇ ಎಂದು ಕೇಳುತ್ತಾರೆ. ಅದೂ ಕೈನೇಸ್ ತಡೆಯುವ ಔಷಧವೇ, ಆದರೆ ತಡೆಯುವುದು ರೋಗನಿರೋಧಕ ವ್ಯವಸ್ಥೆಯ ಸಂದೇಶ ಸಾಗಿಸುವ ಜೆಎಕೆ ಕಿಣ್ವಗಳನ್ನು. ಟೋಫಾಸಿಟಿನಿಬ್ ಆರಂಭಿಸುವ ಮೊದಲು ಕ್ಷಯರೋಗದ ತಪಾಸಣೆ ಕಡ್ಡಾಯ, ಸರ್ಪಸುತ್ತಿನ ಭಯವೂ ಇದೆ. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್‌ಗಳ ಬಗ್ಗೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆಯನ್ನು ಬಿಗಿಗೊಳಿಸಿದ್ದಾರೆ. ಒಂದರ ಅನುಭವವನ್ನು ಇನ್ನೊಂದಕ್ಕೆ ಹೊಂದಿಸಿ ನೋಡಬಾರದು.

ಹಲವು ವರ್ಷ ಪಿಸಿಆರ್‌ನಲ್ಲಿ ಕಾಯಿಲೆಯ ಸುಳಿವೇ ಸಿಗದವರಲ್ಲಿ ಕೆಲವರಿಗೆ ವೈದ್ಯರು ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರಳುತ್ತದೆ, ಅದೂ ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ. ಆ ಅವಧಿಯಲ್ಲಿ ತಿಂಗಳಿಗೊಮ್ಮೆ ಪಿಸಿಆರ್ ಮಾಡಿಸಲು ಅನುಕೂಲವಿಲ್ಲದವರು ನಿಲ್ಲಿಸುವ ಯೋಚನೆಯನ್ನೇ ಮಾಡಬಾರದು.